ಕೀಸ್ಟೋನ್ ಹಾಸ್ಯಚಿತ್ರಗಳು

ಕೀಸ್ಟೋನ್ ಹಾಸ್ಯಚಿತ್ರಗಳು ಎಂಬುದು ಅಮೆರಿಕದ ಕೀಸ್ಟೋನ್ ಸಂಸ್ಥೆಯು ೧೯೧೨ರಿಂದ ಮುಂದಿನ ಐದಾರು ವರ್ಷಗಳಲ್ಲಿ ತಯಾರಿಸಿದ ಮೂಕಿ ಹಾಸ್ಯ ಕಿರುಚಿತ್ರಗಳಿಗೆ ಇರುವ ಸಾಮಾನ್ಯ ಹೆಸರು. ಇವುಗಳ ತಯಾರಿಕೆ ನಡೆದುದು ಲಾಸ್ ಏಂಜಲೀಸ್ ನಗರದ ಈಡನ್‌ಡೇಲ್ ಎಂಬ ಬಡಾವಣೆಯಲ್ಲಿ. ಸಂಸ್ಥೆಯ ಮುಖ್ಯಸ್ಥ ಮ್ಯಾಕ್ ಸೆನೆಟ್. ಓಟ, ಬೀಳು, ಹೊಡೆದಾಟ, ಮುಖಕ್ಕೆ ಎಸೆದ ಕಡುಬು, ಒಬ್ಬರ ಮೇಲೊಬ್ಬರು ಉರುಳುವ ಪೊಲೀಸರು, ಇವು ಈ ಚಿತ್ರಗಳ ಗುರುತುಗಳು. ಚಾರ್ಲಿ ಚಾಪ್ಲಿನ್ ಮೊದಲು ಕ್ಯಾಮೆರಾದ ಮುಂದೆ ನಿಂತುದು ಇಲ್ಲಿ. ಮೇಬಲ್ ನಾರ್ಮಂಡ್ ಮತ್ತು ರಾಸ್ಕೊ ಆರ್ಬಕಲ್ ಹೆಸರು ಗಳಿಸಿದುದೂ ಇಲ್ಲಿಯೇ. ತಯಾರಾದ ಕಾಲದಲ್ಲಿ ಇವನ್ನು ಯಾರೂ ಕಲೆಯೆಂದು ಪರಿಗಣಿಸಿರಲಿಲ್ಲ. ಒಂದು ವಾರ ಓಡಿಸಿ ಮರೆಯಬೇಕಾದ ಸರಕು ಎಂಬ ಭಾವನೆಯೇ ತಯಾರಕರಲ್ಲಿಯೂ ಇದ್ದಿತು. ಅನೇಕ ಚಿತ್ರಗಳು ಇಂದು ದೊರೆಯದಿರುವುದಕ್ಕೆ ಈ ಭಾವನೆಯೂ ಒಂದು ಕಾರಣ.

ಹಿನ್ನೆಲೆ

ಹಾಸ್ಯಚಿತ್ರವು ಚಲನಚಿತ್ರದಷ್ಟೇ ಹಳೆಯದು. ಲೂಮಿಯೇರ್ ಸಹೋದರರು ೧೮೯೫ರ ಡಿಸೆಂಬರ್ ೨೮ರಂದು ಪ್ಯಾರಿಸ್ಸಿನ ಗ್ರಾಂಡ್ ಕಫೆಯಲ್ಲಿ ನಡೆಸಿದ ಪ್ರದರ್ಶನದಲ್ಲಿಯೇ ತೋಟದ ಮಾಲಿಯ ಚಿತ್ರವೊಂದು ಇದ್ದಿತು. ಹುಡುಗನೊಬ್ಬ ನೀರಿನ ಕೊಳವೆಯನ್ನು ಮೆಟ್ಟಿ ನಿಲ್ಲುತ್ತಾನೆ, ನೀರು ನಿಲ್ಲುತ್ತದೆ, ಮಾಲಿ ಕೊಳವೆಯ ಬಾಯಿಯನ್ನು ಮುಖದ ಹತ್ತಿರ ಹಿಡಿದು ಇಣುಕುತ್ತಾನೆ, ಹುಡುಗ ಕಾಲು ತೆಗೆಯುತ್ತಾನೆ. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಚಿತ್ರ ಇದು. ಅಂದಿನ ಇತರ ಚಿತ್ರಗಳು ಕಾರ್ಖಾನೆಯಿಂದ ಹೊರಬರುವ ಕೆಲಸಗಾರರಂತಹ ದೃಶ್ಯಗಳನ್ನು ಇದ್ದಂತೆಯೇ ತೋರಿಸಿದರೆ, ಇದರಲ್ಲಿ ಕಾರಣ, ಪರಿಣಾಮ, ಶಿಕ್ಷೆ ಎಂಬ ಮೂರೂ ಇವೆ. ಕಥೆ ಹೇಳುವ ಚಿತ್ರಗಳ ಆರಂಭವನ್ನು ಹುಡುಕುವವರು ಈ ಮಾಲಿಯ ಬಳಿಗೆ ಬಂದು ನಿಲ್ಲುವುದು ಇದರಿಂದಾಗಿಯೇ.

ಮುಂದಿನ ಹದಿನೈದು ವರ್ಷ ಹಾಸ್ಯಚಿತ್ರದಲ್ಲಿ ಫ್ರಾನ್ಸಿನದೇ ಮೇಲುಗೈ. ಪಾಥೆ ಮತ್ತು ಗೋಮೋ ಸಂಸ್ಥೆಗಳು ಬೆನ್ನಟ್ಟುವ ಚಿತ್ರವೆಂಬ ಪ್ರಕಾರವನ್ನೇ ಬೆಳೆಸಿದವು. ಒಬ್ಬ ಓಡುತ್ತಾನೆ, ಅವನ ಹಿಂದೆ ಇಬ್ಬರು, ಅವರ ಹಿಂದೆ ಬೀದಿಯ ಜನರೆಲ್ಲರೂ. ಪಾಥೆಯ ಮ್ಯಾಕ್ಸ್ ಲಿಂಡರ್ ಇದಕ್ಕೆ ಬೇರೊಂದು ದಾರಿ ತೋರಿಸಿದ. ರೇಷ್ಮೆಯ ಎತ್ತರದ ಟೋಪಿ, ಒಪ್ಪವಾದ ಕೋಟು, ಕೈಯಲ್ಲಿ ಬೆತ್ತ ಹಿಡಿದ ಈ ಸೊಗಸುಗಾರನ ನಗೆ ಓಟದಲ್ಲಿರದೆ, ಮರ್ಯಾದೆ ಕಾಪಾಡಿಕೊಳ್ಳಲು ಅವನು ಪಡುವ ಪಾಡಿನಲ್ಲಿತ್ತು. ತಾನು ಲಿಂಡರನ ಶಿಷ್ಯನೆಂದು ಚಾಪ್ಲಿನ್ ಮುಂದೆ ತನ್ನ ಭಾವಚಿತ್ರದ ಮೇಲೆಯೇ ಬರೆದು ಅವನಿಗೆ ಕೊಟ್ಟ. ೧೯೧೪ರಲ್ಲಿ ಯುದ್ಧ ಆರಂಭವಾಗಿ ಫ್ರಾನ್ಸಿನ ಚಿತ್ರ ತಯಾರಿಕೆ ಕುಸಿದಾಗ, ಆ ಜಾಗವನ್ನು ತುಂಬಲು ಅಮೆರಿಕದ ಚಿತ್ರಗಳು ಸಿದ್ಧವಾಗಿದ್ದವು.

ಆ ಕಾಲದಲ್ಲಿ ಚಿತ್ರದ ಉದ್ದವನ್ನು ರೀಲುಗಳಲ್ಲಿ ಅಳೆಯುತ್ತಿದ್ದರು. ಒಂದು ರೀಲು ಎಂದರೆ ಸುಮಾರು ೧೦೦೦ ಅಡಿ ಫಿಲ್ಮ್. ತೋರಿಸುವ ವೇಗಕ್ಕೆ ಅನುಗುಣವಾಗಿ ಹತ್ತರಿಂದ ಹದಿನೈದು ನಿಮಿಷ. ಎರಡು ಚಿಕ್ಕ ಚಿತ್ರಗಳನ್ನು ಒಂದೇ ರೀಲಿನಲ್ಲಿ ಸೇರಿಸಿ ಮಾರುವ ಪದ್ಧತಿಯೂ ಇತ್ತು.

ಸಂಸ್ಥೆಯ ಆರಂಭ

ಮ್ಯಾಕ್ ಸೆನೆಟ್ ೧೮೮೦ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಐರಿಶ್ ಮೂಲದ ಕುಟುಂಬವೊಂದರಲ್ಲಿ ಜನಿಸಿದ. ಈತನ ನಿಜನಾಮ ಮೈಕೆಲ್ ಸಿನೆಟ್. ನ್ಯೂಯಾರ್ಕಿನ ರಂಗಭೂಮಿಯಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡಿಕೊಂಡಿದ್ದು, ೧೯೦೮ರಲ್ಲಿ ಬಯಾಗ್ರಾಫ್ ಸಂಸ್ಥೆಯನ್ನು ಸೇರಿದ. ಅಲ್ಲಿ ಡಿ. ಡಬ್ಲ್ಯೂ. ಗ್ರಿಫಿತ್ ನಿರ್ದೇಶಕನಾಗಿದ್ದ. ದೃಶ್ಯಗಳನ್ನು ಚಿಕ್ಕದಾಗಿ ಕತ್ತರಿಸಿ ಒಂದಕ್ಕೊಂದು ಹೆಣೆದು ಕಾತರ ಹುಟ್ಟಿಸುವ ಗ್ರಿಫಿತನ ವಿದ್ಯೆಯನ್ನು ಸೆನೆಟ್ ಪಕ್ಕದಲ್ಲಿ ನಿಂತು ಕಲಿತ. ಗ್ರಿಫಿತ್ ೧೯೦೯ರಲ್ಲಿ ನಿರ್ದೇಶಿಸಿದ ‘ದ ಕರ್ಟನ್ ಪೋಲ್’ ಎಂಬ ಹಾಸ್ಯಚಿತ್ರದಲ್ಲಿ ಪರದೆಯ ಕೋಲೊಂದನ್ನು ಹೊತ್ತು ಊರನ್ನೆಲ್ಲ ಕೆಡವುತ್ತ ಹೋಗುವ ಪಾತ್ರ ಸೆನೆಟ್‌ನದು. ಫ್ರೆಂಚ್ ಚಿತ್ರಗಳ ಛಾಯೆ ಇದರಲ್ಲಿ ಸ್ಪಷ್ಟವಾಗಿದೆ. ಪಾಥೆಯ ಚಿತ್ರಗಳಿಂದ ತಾನು ಕದ್ದುದು ಉಂಟು ಎಂದು ಸೆನೆಟ್ ಮುಂದೆ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ.

ಆಡಮ್ ಕೆಸಲ್ ಮತ್ತು ಚಾರ್ಲ್ಸ್ ಬೌಮನ್ ಎಂಬ ಚಿತ್ರೋದ್ಯಮಿಗಳ ಹಣದಿಂದ ೧೯೧೨ರಲ್ಲಿ ಕೀಸ್ಟೋನ್ ಸ್ಥಾಪನೆಯಾಯಿತು. ಜೂಜಿನಲ್ಲಿ ತಾನು ಇವರಿಗೆ ನೂರು ಡಾಲರ್ ಬಾಕಿ ಇದ್ದೆನೆಂದೂ, ಸಾಲ ಕೇಳಲು ಬಂದವರನ್ನೇ ಮಾತಿನಲ್ಲಿ ಮರುಳುಮಾಡಿ ಸಂಸ್ಥೆ ಕಟ್ಟಿಸಿದೆನೆಂದೂ ಸೆನೆಟ್ ಹೇಳಿಕೊಳ್ಳುತ್ತಿದ್ದ. ಇದು ಅವನ ಹಾಸ್ಯಚಿತ್ರಗಳಲ್ಲಿ ಒಂದೆಂದು ಭಾವಿಸುವುದು ಕ್ಷೇಮ. ಮೊದಲ ಬಿಡುಗಡೆ ೧೯೧೨ರ ಸೆಪ್ಟೆಂಬರ್ ೨೩ರಂದು. ಒಂದೇ ರೀಲಿನಲ್ಲಿದ್ದ ಆ ಎರಡು ಚಿತ್ರಗಳು ‘ಕೊಹೆನ್ ಕಲೆಕ್ಟ್ಸ್ ಎ ಡೆಟ್’ ಮತ್ತು ‘ದ ವಾಟರ್ ನಿಂಫ್’. ಬಯಾಗ್ರಾಫಿನಿಂದ ಸೆನೆಟ್ ಜೊತೆ ಬಂದವರಲ್ಲಿ ಮೇಬಲ್ ನಾರ್ಮಂಡ್, ಫೋರ್ಡ್ ಸ್ಟರ್ಲಿಂಗ್ ಮತ್ತು ಫ್ರೆಡ್ ಮೇಸ್ ಮುಖ್ಯರು.

ತಯಾರಿಕೆಯ ವಿಧಾನ

ವಾರಕ್ಕೆ ಎರಡು ಮೂರು ಚಿತ್ರಗಳನ್ನು ಒದಗಿಸಬೇಕಾಗಿದ್ದ ಸಂಸ್ಥೆಗೆ ಊರೇ ರಂಗಸಜ್ಜಿಕೆಯಾಗಿತ್ತು. ಎಲ್ಲಿಯಾದರೂ ಮೆರವಣಿಗೆ, ಪಂದ್ಯ, ಬೆಂಕಿ ಅನಾಹುತ ಎಂದರೆ ಕ್ಯಾಮೆರಾ ಅಲ್ಲಿಗೆ ಧಾವಿಸುತ್ತಿತ್ತು. ನಟರು ಜನರ ನಡುವೆ ನುಗ್ಗಿ ಅಭಿನಯಿಸುತ್ತಿದ್ದರು. ಎಕೋ ಪಾರ್ಕಿನ ಕೆರೆಯ ನೀರನ್ನು ಖಾಲಿ ಮಾಡಿದಾಗ ಆ ಕೆಸರಿನಲ್ಲಿಯೇ ‘ಎ ಮಡಿ ರೊಮಾನ್ಸ್’ (೧೯೧೩) ತಯಾರಾಯಿತು. ಕೀಸ್ಟೋನ್ ಚಿತ್ರಗಳಲ್ಲಿ ಕಾಣುವ ಮಣ್ಣಿನ ರಸ್ತೆಗಳು, ಮರದ ಮನೆಗಳು, ಟ್ರಾಮ್ ಗಾಡಿಗಳು, ಸುಮ್ಮನೆ ನಿಂತು ನೋಡುವ ದಾರಿಹೋಕರು ಇವೆಲ್ಲ ನಿಜವಾದವು. ನೂರು ವರ್ಷಗಳ ಹಿಂದಿನ ಲಾಸ್ ಏಂಜಲೀಸನ್ನು ಅರಿಯಬಯಸುವವರಿಗೆ ಈ ಚಿತ್ರಗಳು ದಾಖಲೆಗಳಂತೆಯೂ ಒದಗುತ್ತವೆ. ತಯಾರಕರು ಇದನ್ನು ಉದ್ದೇಶಿಸಿರಲಿಲ್ಲ.

ಕಥೆಯನ್ನು ಬರೆದಿಡದೆ ಬಾಯಿಗೆ ಬಂದಂತೆ ಚಿತ್ರೀಕರಿಸುತ್ತಿದ್ದರು ಎಂಬ ನಂಬಿಕೆ ಬಹುಕಾಲ ಇತ್ತು. ಸೆನೆಟ್ ಸಹ ಅದನ್ನು ಪ್ರೋತ್ಸಾಹಿಸಿದ. ಆದರೆ ಅಮೆರಿಕದ ಚಲನಚಿತ್ರ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯದಲ್ಲಿರುವ ಸೆನೆಟ್ ಕಾಗದಪತ್ರಗಳಲ್ಲಿ ಕಥೆಯ ಕರಡುಗಳು, ತಿದ್ದುಪಡಿಗಳು, ಚರ್ಚೆಯ ಟಿಪ್ಪಣಿಗಳು ಉಳಿದಿವೆ. ಅವ್ಯವಸ್ಥೆಯಂತೆ ಕಾಣುವುದರ ಹಿಂದೆ ಲೆಕ್ಕಾಚಾರ ಇದ್ದಿತು.

ವೇಗವೂ ಲೆಕ್ಕಾಚಾರವೇ. ಅಂದಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ನಿಧಾನವಾಗಿ ತಿರುಗಿಸಿ ತೆಗೆದ ದೃಶ್ಯ, ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಚುರುಕಾಗಿ ಓಡುತ್ತದೆ. ಬೆನ್ನಟ್ಟುವ ದೃಶ್ಯಗಳಲ್ಲಿ ಕೀಸ್ಟೋನಿನವರು ಇದನ್ನು ಬೇಕೆಂದೇ ಬಳಸಿದರು. ಮೂಕಿ ಚಿತ್ರಗಳೆಲ್ಲವೂ ಹೀಗೆ ಗಡಿಬಿಡಿಯಿಂದ ಓಡುತ್ತಿದ್ದವೆಂಬ ಇಂದಿನ ಕಲ್ಪನೆ ಮಾತ್ರ ಸರಿಯಲ್ಲ. ಟಾಕಿ ಚಿತ್ರಗಳಿಗಾಗಿ ಸೆಕೆಂಡಿಗೆ ೨೪ ಚೌಕಟ್ಟುಗಳೆಂದು ನಿಗದಿಯಾದ ಯಂತ್ರಗಳಲ್ಲಿ ಹಳೆಯ ಚಿತ್ರಗಳನ್ನು ಓಡಿಸಿದುದರಿಂದ ಗಂಭೀರ ಚಿತ್ರಗಳ ಪಾತ್ರಗಳೂ ಕುಣಿಯುವಂತೆ ಕಂಡವು.

ಕೀಸ್ಟೋನ್ ಪೊಲೀಸರು ಈ ಸಂಸ್ಥೆಯ ಅತ್ಯಂತ ಪ್ರಸಿದ್ಧ ಸೃಷ್ಟಿ. ೧೯೧೩ರ ‘ದ ಬ್ಯಾಂಗ್‌ವಿಲ್ ಪೊಲೀಸ್’ ಚಿತ್ರದಿಂದ ಈ ಪಡೆ ಹೆಸರಾಯಿತು. ಅಳತೆಗೆ ಕೂಡದ ಸಮವಸ್ತ್ರ, ದಪ್ಪ ಮೀಸೆ, ಒಂದೇ ಮೋಟಾರಿನಲ್ಲಿ ಹನ್ನೆರಡು ಜನ. ಕರೆದಾಗ ಇವರು ಬರುವುದೇನೋ ನಿಜ, ಆದರೆ ಬಂದಮೇಲೆ ಅನಾಹುತ ಹೆಚ್ಚುತ್ತದೆ. ಪ್ರೇಕ್ಷಕರಲ್ಲಿ ಬಹುಮಂದಿ ಐದು ಸೆಂಟ್ ಕೊಟ್ಟು ಒಳಬಂದ ಕೂಲಿಕಾರರು, ಬೇರೆ ದೇಶಗಳಿಂದ ವಲಸೆ ಬಂದವರು. ನಿಜಜೀವನದಲ್ಲಿ ಪೊಲೀಸರಿಗೆ ಹೆದರಬೇಕಾಗಿದ್ದ ಇವರು ಆ ಸಮವಸ್ತ್ರ ನೆಲಕ್ಕುರುಳುವುದನ್ನು ಕಂಡು ನಕ್ಕುದರಲ್ಲಿ ಆಶ್ಚರ್ಯವಿಲ್ಲ. ಮಾತೇ ಇಲ್ಲದ ಈ ಹಾಸ್ಯಕ್ಕೆ ಇಂಗ್ಲಿಷ್ ಬಾರದಿರುವುದು ಅಡ್ಡಿಯೂ ಆಗಲಿಲ್ಲ.

ಇದೇ ಚಿತ್ರಗಳಲ್ಲಿ ಅದೇ ವಲಸಿಗರನ್ನು ಹೀಗಳೆಯುವ ಹಾಸ್ಯವೂ ಇತ್ತೆಂಬುದನ್ನು ಮರೆಯಲಾಗದು. ಮೊದಲ ಬಿಡುಗಡೆಯ ಕೊಹೆನ್ ಯಹೂದಿಗಳ ವಿಡಂಬನೆಯೇ. ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುವ ಪಾತ್ರಗಳೂ ಬಂದಿವೆ. ಅಂದಿನ ನಾಟಕಶಾಲೆಗಳಿಂದ ಬಂದ ರೂಢಿ ಎನ್ನಬಹುದಾದರೂ ಇಂದು ಇವನ್ನು ನೋಡುವುದು ಸುಲಭವಲ್ಲ.

ಮೇಬಲ್ ನಾರ್ಮಂಡ್

ಮುಖಕ್ಕೆ ಕಡುಬು ಎಸೆಯುವ ಆಟವನ್ನು ಆರಂಭಿಸಿದವಳು ಮೇಬಲ್ ನಾರ್ಮಂಡ್ ಎಂಬ ಪ್ರತೀತಿ ಇದೆ. ೧೯೧೩ರ ‘ಎ ನಾಯ್ಸ್ ಫ್ರಮ್ ದ ಡೀಪ್’ ಚಿತ್ರದಲ್ಲಿ ಈಕೆ ಆರ್ಬಕಲ್‌ನ ಮುಖಕ್ಕೆ ಗುರಿಯಿಟ್ಟುದು ಹೌದು. ಆದರೆ ಎಸನೇ ಸಂಸ್ಥೆಯ ‘ಮಿಸ್ಟರ್ ಫ್ಲಿಪ್’ (೧೯೦೯) ಎಂಬ ಚಿತ್ರದಲ್ಲಿಯೇ ಬೆನ್ ಟರ್ಪಿನ್ ಮುಖಕ್ಕೆ ಕಡುಬು ಬಿದ್ದಿತ್ತು. ಇಂತಹ ಪ್ರತೀತಿಗಳ ಮರೆಯಲ್ಲಿ ಈಕೆಯ ನಿಜವಾದ ಸಾಧನೆ ಬಹುಕಾಲ ಅಡಗಿ ಹೋಯಿತು.

ನಾರ್ಮಂಡ್ ಕೀಸ್ಟೋನಿನ ನಾಯಕಿ ಮಾತ್ರವಲ್ಲ, ನಿರ್ದೇಶಕಿಯೂ ಹೌದು. ಇಪ್ಪತ್ತೊಂದು ಇಪ್ಪತ್ತೆರಡರ ಹರೆಯದಲ್ಲಿ ತನ್ನ ಚಿತ್ರಗಳನ್ನು ತಾನೇ ನಿರ್ದೇಶಿಸತೊಡಗಿದಳು. ಚಿತ್ರಗಳ ಶೀರ್ಷಿಕೆಯಲ್ಲಿಯೇ ತನ್ನ ಹೆಸರು ಬರುವಷ್ಟು ಜನಪ್ರಿಯತೆ ಈಕೆಗಿತ್ತು. ಹಾಸ್ಯಚಿತ್ರದಲ್ಲಿ ಹೆಣ್ಣು ನಗೆಗೆ ಗುರಿಯಾಗುವವಳು ಅಥವಾ ಚಂದಕ್ಕೆ ನಿಲ್ಲುವವಳು ಎಂದಿದ್ದ ಕಾಲದಲ್ಲಿ ಈಕೆ ಈಜಿದಳು, ಬಿದ್ದಳು, ಮೋಟಾರು ಓಡಿಸಿದಳು, ಹೊಡೆದಾಟಕ್ಕೂ ಇಳಿದಳು. ಹೊಡೆದಾಟದ ನಡುವೆಯೂ ಮುಖದಲ್ಲಿ ಮೂಡುವ ಸಣ್ಣ ಯೋಚನೆಗಳನ್ನು ಪ್ರೇಕ್ಷಕರಿಗೆ ತಲುಪಿಸಬಲ್ಲ ಶಕ್ತಿ ಆರಂಭದ ಕೀಸ್ಟೋನ್ ನಟರಲ್ಲಿ ಈಕೆಗೆ ಇದ್ದಷ್ಟು ಇತರರಿಗೆ ಇರಲಿಲ್ಲ.

೧೯೨೨ರ ಫೆಬ್ರವರಿಯಲ್ಲಿ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ಕೊಲೆಯಾದ. ಆ ಸಂಜೆ ಅವನನ್ನು ಭೇಟಿಯಾಗಿ ಬಂದಿದ್ದಳು ಎಂಬ ಕಾರಣಕ್ಕೆ ಪತ್ರಿಕೆಗಳು ಈಕೆಯ ಬೆನ್ನುಬಿದ್ದವು. ಕೊಲೆಗಾರ ಯಾರೆಂದು ಇಂದಿಗೂ ತೀರ್ಮಾನವಾಗಿಲ್ಲ. ವೃತ್ತಿಜೀವನ ಅದರಿಂದ ಚೇತರಿಸಿಕೊಳ್ಳಲಿಲ್ಲ. ೧೯೩೦ರಲ್ಲಿ ಕ್ಷಯರೋಗದಿಂದ ನಿಧನ ಹೊಂದಿದಳು.

ಚಾಪ್ಲಿನ್ ಇದ್ದ ಒಂದು ವರ್ಷ

ಇಂಗ್ಲೆಂಡಿನ ಫ್ರೆಡ್ ಕಾರ್ನೊ ನಾಟಕ ತಂಡದೊಡನೆ ಅಮೆರಿಕದಲ್ಲಿ ಸಂಚರಿಸುತ್ತಿದ್ದ ಚಾರ್ಲಿ ಚಾಪ್ಲಿನ್, ವಾರಕ್ಕೆ ೧೫೦ ಡಾಲರ್ ಸಂಬಳದ ಮೇಲೆ ೧೯೧೩ರ ಕೊನೆಯಲ್ಲಿ ಕೀಸ್ಟೋನ್ ಸೇರಿದ. ಮೊದಲ ಚಿತ್ರ ‘ಮೇಕಿಂಗ್ ಎ ಲಿವಿಂಗ್’ ೧೯೧೪ರ ಫೆಬ್ರವರಿ ೨ರಂದು ಬಿಡುಗಡೆಯಾಯಿತು. ಅದರ ನಿರ್ದೇಶಕ ಹೆನ್ರಿ ಲೇರ್ಮನ್ ತನ್ನ ಒಳ್ಳೆಯ ಅಭಿನಯವನ್ನೆಲ್ಲ ಕತ್ತರಿಸಿ ಹಾಕಿದನೆಂದು ಚಾಪ್ಲಿನ್ ಆತ್ಮಕಥೆಯಲ್ಲಿ ದೂರಿದ್ದಾನೆ. ಅದರಿಂದ ಅವನೊಂದು ಉಪಾಯ ಕಲಿತ. ದೃಶ್ಯದೊಳಗೆ ಬರುವಾಗ ಮತ್ತು ಹೊರಹೋಗುವಾಗಲೇ ನಗೆಯ ಚೇಷ್ಟೆಗಳನ್ನು ಮಾಡಿಬಿಡುವುದು. ಅಲ್ಲಿ ಕತ್ತರಿ ಹಾಕಿದರೆ ಕಥೆಯೇ ತುಂಡಾಗುತ್ತದೆ.

ದೊಗಲೆ ಷರಾಯಿ, ಬಿಗಿಯಾದ ಕೋಟು, ಚಿಕ್ಕ ಟೋಪಿ, ದೊಡ್ಡ ಬೂಟು, ಬೆತ್ತ, ತುಂಡು ಮೀಸೆ ಇರುವ ಅಲೆಮಾರಿಯ ವೇಷವನ್ನು ಚಾಪ್ಲಿನ್ ಮೊದಲು ತೊಟ್ಟುದು ‘ಮೇಬಲ್ಸ್ ಸ್ಟ್ರೇಂಜ್ ಪ್ರಿಡಿಕಮೆಂಟ್’ ಚಿತ್ರಕ್ಕಾಗಿ. ಆದರೆ ಅನಂತರ ತೆಗೆದ ‘ಕಿಡ್ ಆಟೊ ರೇಸಸ್ ಅಟ್ ವೆನಿಸ್’ ಎರಡು ದಿನ ಮೊದಲೇ, ಫೆಬ್ರವರಿ ೭ರಂದು ಬಿಡುಗಡೆಯಾಯಿತು. ಹಾಗಾಗಿ ಜಗತ್ತು ಆ ಅಲೆಮಾರಿಯನ್ನು ಮೊದಲು ಕಂಡುದು ಇದರಲ್ಲಿ. ವೆನಿಸ್ ಎಂಬ ಕಡಲತೀರದ ಊರಿನಲ್ಲಿ ಮಕ್ಕಳ ಬಂಡಿಗಳ ಪಂದ್ಯ ನಡೆಯುತ್ತಿದೆ. ವಾರ್ತಾಚಿತ್ರ ತೆಗೆಯುವವರು ಕ್ಯಾಮೆರಾ ಹೂಡಿದ್ದಾರೆ. ಯಾರೋ ಒಬ್ಬ ಅಪರಿಚಿತ ಮತ್ತೆ ಮತ್ತೆ ಕ್ಯಾಮೆರಾಕ್ಕೆ ಅಡ್ಡ ಬಂದು ನಿಲ್ಲುತ್ತಾನೆ. ತಳ್ಳಿದರೂ ಮತ್ತೆ ಬರುತ್ತಾನೆ. ಇಷ್ಟೇ ಚಿತ್ರ, ಕಥೆ ಎಂಬುದೇ ಇಲ್ಲ. ಪಂದ್ಯ ನಿಜವಾದುದು, ಸುತ್ತಲಿನ ಜನರೂ ನಿಜವಾದವರು. ಮೊದಮೊದಲು ಅವರು ಆ ಮನುಷ್ಯನ ಕಡೆಗೆ ಗಮನ ಕೊಡುವುದಿಲ್ಲ. ಬರಬರುತ್ತ ಒಬ್ಬೊಬ್ಬರೇ ತಿರುಗಿ ನೋಡುತ್ತಾರೆ, ಆಮೇಲೆ ನಗತೊಡಗುತ್ತಾರೆ. ಲೋಕವನ್ನೇ ನಗಿಸಲಿದ್ದ ಪಾತ್ರಕ್ಕೆ ದೊರೆತ ಮೊದಲ ಪ್ರೇಕ್ಷಕರು ಚಿತ್ರದ ಒಳಗೇ ಸೆರೆಯಾಗಿರುವುದು ಇದರ ವಿಶೇಷ. ಈ ಚಿತ್ರದ ಬೆಲೆಯನ್ನು ಸಂಸ್ಥೆ ಎಷ್ಟೆಂದು ಎಣಿಸಿತ್ತೆಂದರೆ, ಆಲಿವ್ ಕಾಯಿ ಮತ್ತು ಅದರ ಎಣ್ಣೆಯನ್ನು ಕುರಿತ ಮಾಹಿತಿ ಚಿತ್ರವೊಂದರ ಜೊತೆಗೆ ಒಂದೇ ರೀಲಿನಲ್ಲಿ ಹಾಕಿ ಮಾರಾಟ ಮಾಡಿತು.

ಚಾಪ್ಲಿನ್ ಮತ್ತು ಕೀಸ್ಟೋನ್ ನಡುವಿನ ತಿಕ್ಕಾಟ ವೇಗಕ್ಕೆ ಸಂಬಂಧಿಸಿದ್ದು. ‘ಮೇಬಲ್ಸ್ ಸ್ಟ್ರೇಂಜ್ ಪ್ರಿಡಿಕಮೆಂಟ್’ನಲ್ಲಿ ಹೋಟೆಲಿನ ಪಡಸಾಲೆಯ ದೃಶ್ಯ ೭೫ ಅಡಿಯಷ್ಟು ಉದ್ದವಾಯಿತು. ಸಾಮಾನ್ಯ ಹಾಸ್ಯದೃಶ್ಯ ಹತ್ತು ಅಡಿ ಮೀರುತ್ತಿದ್ದುದು ಅಪರೂಪ. ಅದನ್ನು ಇಡೀ ಉಳಿಸಬೇಕೆ ಎಂಬ ಚರ್ಚೆ ನಡೆದು ಕೊನೆಗೆ ಉಳಿಸಲಾಯಿತೆಂದು ಆತ್ಮಕಥೆ ತಿಳಿಸುತ್ತದೆ. ಹತ್ತು ಅಡಿಯಲ್ಲಿ ಒಬ್ಬ ಬೀಳಬಹುದು. ಬಿದ್ದವನು ಯಾರೂ ನೋಡಲಿಲ್ಲವೆಂದು ನಟಿಸುತ್ತ ಟೋಪಿ ಸರಿಪಡಿಸಿಕೊಳ್ಳಲು ಹೆಚ್ಚು ಅಡಿ ಬೇಕು. ಚಾಪ್ಲಿನ್‌ಗೆ ಬೇಕಾಗಿದ್ದುದು ಆ ಎರಡನೆಯದು.

‘ಮೇಬಲ್ ಅಟ್ ದ ವೀಲ್’ ಚಿತ್ರೀಕರಣದಲ್ಲಿ ಜಗಳ ಬಹಿರಂಗವಾಯಿತು. ನಿರ್ದೇಶನದಲ್ಲಿದ್ದ ನಾರ್ಮಂಡ್ ತನ್ನ ಸಲಹೆಯನ್ನು ಒಪ್ಪದಿದ್ದಾಗ ಚಾಪ್ಲಿನ್ ಕೆಲಸ ನಿಲ್ಲಿಸಿ ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟ. ತನಗಿಂತ ಚಿಕ್ಕವಳಾದ ಹುಡುಗಿಯೊಬ್ಬಳು ತನಗೆ ಹೇಳಿಕೊಡುವುದು ತನ್ನನ್ನು ಕೆರಳಿಸಿತೆಂದು ಮುಂದೆ ತಾನೇ ಬರೆದಿದ್ದಾನೆ. ಬಹುಕಾಲ ಈ ಪ್ರಸಂಗವನ್ನು ಪ್ರತಿಭಾವಂತನೊಬ್ಬನಿಗೆ ಒದಗಿದ ಅಡ್ಡಿಯೆಂದೇ ಓದಲಾಯಿತು. ಆಗ ಚಾಪ್ಲಿನ್‌ಗೆ ಚಿತ್ರರಂಗದ ಅನುಭವ ಕೆಲವೇ ತಿಂಗಳಿನದು, ನಾರ್ಮಂಡಳದು ವರ್ಷಗಳದು ಎಂಬುದನ್ನು ನೆನೆದರೆ ಅದೇ ಪ್ರಸಂಗ ಬೇರೆಯಾಗಿ ಕಾಣುತ್ತದೆ. ಅವನನ್ನು ತೆಗೆದುಹಾಕಲು ಸೆನೆಟ್ ಯೋಚಿಸಿದ್ದನಂತೆ. ಅಷ್ಟರಲ್ಲಿ ಚಾಪ್ಲಿನ್ ಚಿತ್ರಗಳು ಇನ್ನಷ್ಟು ಬೇಕೆಂದು ನ್ಯೂಯಾರ್ಕಿನಿಂದ ತಂತಿ ಬಂದಿತು. ತಾನೇ ನಿರ್ದೇಶಿಸಿದ ಚಿತ್ರ ಬಿಡುಗಡೆಗೆ ಯೋಗ್ಯವಾಗದಿದ್ದರೆ ನಷ್ಟಕ್ಕೆಂದು ತನ್ನ ಉಳಿತಾಯದಿಂದ ೧೫೦೦ ಡಾಲರ್ ಕೊಡುವುದಾಗಿ ಚಾಪ್ಲಿನ್ ಒಪ್ಪಿಕೊಂಡು ನಿರ್ದೇಶಕನಾದ. ಆ ಹಣ ಕೊಡುವ ಸಂದರ್ಭ ಬರಲಿಲ್ಲ.

ನಿರ್ದೇಶಕನಾದ ಮೇಲೆ ಅವನ ಬೆಳವಣಿಗೆ ಶೀಘ್ರವಾದುದು. ‘ದ ನ್ಯೂ ಜಾನಿಟರ್’ನಲ್ಲಿ ಕೆಲಸ ಕಳೆದುಕೊಂಡ ಜಾಡಮಾಲಿ ಯಜಮಾನನ ಮುಂದೆ ಬೇಡಿಕೊಳ್ಳುವ ಸನ್ನಿವೇಶವನ್ನು ಅಭ್ಯಾಸ ಮಾಡುವಾಗ ನೋಡುತ್ತಿದ್ದ ನಟಿಯೊಬ್ಬಳು ಅತ್ತಳು. ನಗಿಸುವವನು ಅಳಿಸಲೂ ಬಲ್ಲ ಎಂದು ಅವನಿಗೆ ತಿಳಿದುದು ಆಗ. ಬ್ರೆಡ್ ಅಂಗಡಿಯ ಗಲಾಟೆಯ ‘ಡೋ ಅಂಡ್ ಡೈನಮೈಟ್’ಗೆ ಗೊತ್ತುಪಡಿಸಿದ್ದ ೧೦೦೦ ಡಾಲರ್ ಮೀರಿ ೧೮೦೦ ಡಾಲರ್ ವೆಚ್ಚವಾಯಿತು, ಆದರೆ ಮೊದಲ ವರ್ಷದಲ್ಲಿಯೇ ೧,೩೦,೦೦೦ ಡಾಲರಿಗೂ ಹೆಚ್ಚು ಗಳಿಸಿತೆಂದು ಚಾಪ್ಲಿನ್ ಬರೆದಿದ್ದಾನೆ. ಅದೇ ವರ್ಷಾಂತ್ಯದ ‘ಟಿಲ್ಲೀಸ್ ಪಂಕ್ಚರ್ಡ್ ರೊಮಾನ್ಸ್’ ಆರು ರೀಲುಗಳ ಚಿತ್ರ. ಮೊದಲ ಪೂರ್ಣಾವಧಿ ಹಾಸ್ಯಚಿತ್ರವೆಂದು ಇದನ್ನು ಹೆಸರಿಸುವುದುಂಟು. ಇದರ ನಾಯಕಿ ರಂಗಭೂಮಿಯ ಮೇರಿ ಡ್ರೆಸ್ಲರ್.

ಒಪ್ಪಂದ ಮುಗಿದಾಗ ಚಾಪ್ಲಿನ್ ವಾರಕ್ಕೆ ಸಾವಿರ ಡಾಲರ್ ಕೇಳಿದ. ತನಗೇ ಅಷ್ಟು ಬರುವುದಿಲ್ಲವೆಂದ ಸೆನೆಟ್. ಎಸನೇ ಸಂಸ್ಥೆ ೧೨೫೦ ಡಾಲರ್ ಕೊಟ್ಟು ಕರೆದುಕೊಂಡಿತು. ೧೯೧೬ರಲ್ಲಿ ಮ್ಯೂಚುಯಲ್ ಸಂಸ್ಥೆ ಕೊಟ್ಟುದು ವಾರಕ್ಕೆ ೧೦,೦೦೦ ಡಾಲರ್.

ಆರ್ಬಕಲ್

ಕೀಸ್ಟೋನ್ ತೊರೆದ ರಾಸ್ಕೊ ಆರ್ಬಕಲ್ ೧೯೧೭ರಲ್ಲಿ ತನ್ನದೇ ಘಟಕದಲ್ಲಿ ತಯಾರಿಸಿದ ‘ದ ಬುಚರ್ ಬಾಯ್’ ಚಿತ್ರದಲ್ಲಿ ಬಸ್ಟರ್ ಕೀಟನ್‌ನನ್ನು ಚಿತ್ರರಂಗಕ್ಕೆ ಪರಿಚಯಿಸಿದ. ಇಷ್ಟರಿಂದಲೇ ಅವನ ಹೆಸರು ಚರಿತ್ರೆಯಲ್ಲಿ ಉಳಿಯಬೇಕಾಗಿತ್ತು. ಆದರೆ ೧೯೨೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲೊಂದರ ಕೂಟದ ನಂತರ ವರ್ಜೀನಿಯಾ ರ್‍ಯಾಪ್ ಎಂಬ ನಟಿ ತೀರಿಕೊಂಡಳು. ಆರ್ಬಕಲ್ ಮೇಲೆ ಮೊಕದ್ದಮೆ ನಡೆಯಿತು. ಮೂರನೆಯ ವಿಚಾರಣೆಯಲ್ಲಿ, ೧೯೨೨ರ ಏಪ್ರಿಲ್‌ನಲ್ಲಿ, ನ್ಯಾಯದರ್ಶಿಗಳು ಅವನನ್ನು ನಿರ್ದೋಷಿಯೆಂದು ಘೋಷಿಸಿದುದಲ್ಲದೆ ಅವನಿಗೆ ಅನ್ಯಾಯವಾಗಿದೆಯೆಂದು ಲಿಖಿತವಾಗಿ ವಿಷಾದ ಸೂಚಿಸಿದರು. ಒಂದು ವಾರದೊಳಗೆ ಚಿತ್ರೋದ್ಯಮವೇ ಅವನ ಚಿತ್ರಗಳನ್ನು ನಿಷೇಧಿಸಿತು. ಅದೇ ವರ್ಷದ ಕೊನೆಯಲ್ಲಿ ನಿಷೇಧ ತೆರವಾದರೂ ಅವನು ಬೇರೆ ಹೆಸರಿನಲ್ಲಿ ನಿರ್ದೇಶನ ಮಾಡಿಕೊಂಡು ಬದುಕಬೇಕಾಯಿತು.

ಅವನತಿ

೧೯೧೫ರಲ್ಲಿ ಗ್ರಿಫಿತ್, ಥಾಮಸ್ ಇನ್ಸ್ ಮತ್ತು ಸೆನೆಟ್ ಮೂವರನ್ನು ಒಟ್ಟುಗೂಡಿಸಿ ಟ್ರಯಾಂಗಲ್ ಸಂಸ್ಥೆ ಸ್ಥಾಪಿತವಾಯಿತು. ಚಿತ್ರಗಳು ಎರಡು ರೀಲಿಗೆ ಬೆಳೆದವು, ವೆಚ್ಚವೂ ಬೆಳೆಯಿತು. ೧೯೧೭ರಲ್ಲಿ ಸೆನೆಟ್ ಹೊರಬಂದಾಗ ಕೀಸ್ಟೋನ್ ಎಂಬ ಹೆಸರನ್ನು ಅಲ್ಲಿಯೇ ಬಿಟ್ಟುಕೊಡಬೇಕಾಯಿತು. ತನ್ನ ಹೆಸರಿನಲ್ಲಿ ಚಿತ್ರ ತಯಾರಿಕೆ ಮುಂದುವರಿಸಿದ ಸೆನೆಟ್ ೧೯೩೩ರಲ್ಲಿ ದಿವಾಳಿಯಾದ. ೧೯೩೮ರಲ್ಲಿ ಗೌರವ ಆಸ್ಕರ್ ಪಡೆದ, ೧೯೬೦ರಲ್ಲಿ ನಿಧನನಾದ.

ಅಳಿವು ಮತ್ತು ಉಳಿವು

ಆ ಕಾಲದ ಫಿಲ್ಮ್ ನೈಟ್ರೇಟ್‌ನಿಂದ ಮಾಡಿದುದು. ಬೇಗ ಹೊತ್ತಿಕೊಳ್ಳುತ್ತದೆ, ಇಟ್ಟಲ್ಲಿಯೇ ಕೊಳೆಯುತ್ತದೆ. ಟಾಕಿ ಬಂದ ಮೇಲೆ ಬೆಲೆಯಿಲ್ಲದಾದ ಪ್ರತಿಗಳನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದುದೂ ಉಂಟು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ ೨೦೧೩ರಲ್ಲಿ ಪ್ರಕಟಿಸಿದ ವರದಿಯಂತೆ ಆ ದೇಶದ ಸುಮಾರು ೧೧,೦೦೦ ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ನೂರಕ್ಕೆ ೧೪ ಮಾತ್ರ. ಕಿರುಚಿತ್ರಗಳಿಗಂತೂ ಕಾಪಿಡುವವರು ಇನ್ನೂ ಕಡಿಮೆ.

ಚಾಪ್ಲಿನ್ ನಟಿಸಿದವು ಉಳಿದುದು ಅವನ ಹೆಸರಿನ ಬಲದಿಂದ. ಆದರೆ ಆ ಹೆಸರೇ ಅವುಗಳಿಗೆ ಕೇಡನ್ನೂ ತಂದಿತು. ಹೆಸರು ಬದಲಿಸಿ, ಕತ್ತರಿಸಿ, ಪ್ರತಿಯಿಂದ ಪ್ರತಿ ತೆಗೆದು ದಶಕಗಳ ಕಾಲ ಮಾರಿದ್ದರಿಂದ ಮುಖಗಳೇ ಕಾಣದಷ್ಟು ಮಸುಕಾದವು. ಕೀಸ್ಟೋನ್ ಚಿತ್ರಗಳು ಒರಟು ಎಂಬ ಅಭಿಪ್ರಾಯ ಬೆಳೆದುದು ಇಂತಹ ಪ್ರತಿಗಳನ್ನು ನೋಡಿ. ಬೊಲೋನ್ಯಾದ ಸಿನೆಟೆಕಾ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮತ್ತು ಪ್ಯಾರಿಸ್ಸಿನ ಲಾಬ್ಸ್ಟರ್ ಫಿಲ್ಮ್ಸ್ ಜೊತೆಗೂಡಿ ಹಲವು ದೇಶಗಳ ಪ್ರತಿಗಳಿಂದ ಇವನ್ನು ಪುನರುದ್ಧಾರ ಮಾಡಿ ೨೦೧೦ರಲ್ಲಿ ಹೊರತಂದವು. ಆಗ ಆ ಮುಖಗಳ ಸೂಕ್ಷ್ಮ ಭಾವಗಳು ಮತ್ತೆ ಗೋಚರಿಸಿದವು.

ಚಿತ್ರ ಚರಿತ್ರೆಯಲ್ಲಿ ಸ್ಥಾನ

ಮೂಕಿ ಹಾಸ್ಯಚಿತ್ರಗಳನ್ನು ಗಂಭೀರವಾಗಿ ನೋಡುವಂತೆ ಮಾಡಿದ ಬರಹಗಳಲ್ಲಿ ಜೇಮ್ಸ್ ಏಜಿ ೧೯೪೯ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಮುಖ್ಯವಾದುದು. ಅವನ ಮೆಚ್ಚುಗೆಯ ಬಹುಭಾಗ ಚಾಪ್ಲಿನ್, ಕೀಟನ್, ಹೆರಾಲ್ಡ್ ಲಾಯ್ಡ್ ಮತ್ತು ಹ್ಯಾರಿ ಲ್ಯಾಂಗ್ಡನ್ ಎಂಬ ನಾಲ್ವರಿಗೆ ಸಂದಿತು. ಈ ನಾಲ್ವರಲ್ಲಿ ಚಾಪ್ಲಿನ್ ಕೀಸ್ಟೋನಿನಲ್ಲಿ ಬೆಳೆದ, ಲಾಯ್ಡ್ ೧೯೧೫ರಲ್ಲಿ ಅಲ್ಪಕಾಲ ಅಲ್ಲಿದ್ದ, ಲ್ಯಾಂಗ್ಡನ್ ೧೯೨೦ರ ದಶಕದಲ್ಲಿ ಸೆನೆಟ್ ಬಳಿ ದುಡಿದ, ಕೀಟನ್ ಅಲ್ಲಿಂದ ಬಂದ ಆರ್ಬಕಲ್‌ನ ಶಿಷ್ಯ. ಆದರೂ ಕೀಸ್ಟೋನನ್ನು ಕೇವಲ ಇವರ ಪಾಠಶಾಲೆಯೆಂದು ನೋಡುವುದು ಅಸಮರ್ಪಕ. ಕ್ಯಾಮೆರಾವನ್ನು ಬೀದಿಗೆ ಒಯ್ದುದು, ಓಟಕ್ಕೆ ಸಂಕಲನದ ಲಯ ಕೊಟ್ಟುದು, ಅಧಿಕಾರದ ಸಮವಸ್ತ್ರವನ್ನು ನಗೆಗೀಡು ಮಾಡಿದುದು ಈ ಚಿತ್ರಗಳ ಸ್ವಂತ ಗಳಿಕೆ.

ಚಾಪ್ಲಿನ್ ಕೀಸ್ಟೋನಿನಲ್ಲಿ ನಟಿಸಿದ ೩೬ ಚಿತ್ರಗಳಲ್ಲಿ ‘ಹರ್ ಫ್ರೆಂಡ್ ದ ಬ್ಯಾಂಡಿಟ್’ ಒಂದು ಮಾತ್ರ ಈವರೆಗೆ ದೊರೆತಿಲ್ಲ. ಅವನು ಪೊಲೀಸನಾಗಿ ಕಾಣಿಸಿಕೊಂಡಿರುವ ‘ಎ ಥೀಫ್ ಕ್ಯಾಚರ್’ನ ಪ್ರತಿಯೊಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹಳೆಯ ಸಾಮಾನುಗಳ ಮಾರಾಟದಲ್ಲಿ ಸಿಕ್ಕಿ, ೨೦೧೦ರಲ್ಲಿ ಬೆಳಕಿಗೆ ಬಂದಿತು. ಈಡನ್‌ಡೇಲ್‌ನ ಸ್ಟುಡಿಯೊ ಕಟ್ಟಡಗಳಲ್ಲಿ ಒಂದು ಇಂದು ಗ್ಲೆಂಡೇಲ್ ಬುಲೆವಾರ್ಡ್ ಎಂಬ ರಸ್ತೆಯಲ್ಲಿ ಉಳಿದಿದೆ. ಜನರು ತಮ್ಮ ಮನೆಯ ಹೆಚ್ಚಿನ ಸಾಮಾನುಗಳನ್ನು ಬಾಡಿಗೆ ಕೊಟ್ಟು ಇರಿಸುವ ಗೋದಾಮಾಗಿ ಅದು ಬಳಕೆಯಾಗುತ್ತಿದೆ.